ಔಷಧಿ ಎಂದು ಕರೆಯುವ ವಿಷ

(ನಮ್ಮ ಬಳಗದ ಮಳೆಗಾಲದ ಸಭೆಯಲ್ಲಿ, ಬೆಂಗಳೂರಿನಲ್ಲಿ ಪರವಾನಗಿ ಪಡೆದು ಕೀಟ ನಿಯಂತ್ರಣದ ಉದ್ಯೋಗ ನಡೆಸುತ್ತಿರುವ ಮಲೆನಾಡಿನ ಮಿತ್ರರೊಬ್ಬರು ಮಾಡಿದ ಭಾಷಣದ ಬರಹರೂಪವಿದು. ಸಭಿಕರ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳನ್ನೂ ಭಾಷಣದೊಳಗೇ ಸೇರಿಸಿದ್ದೇವೆ. – ಸಂ.)



ಕಾಡು, ಹೊಳೆಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಸೇರಿರುವ ಈ ಸಭೆಗೆ, ವಿಷ ಸಿಂಪಡಿಸಿ ಹೊಟ್ಟೆ ಹೊರೆಯುವ ನನ್ನಂಥವನನ್ನು ಕರೆದಿದ್ದೀರಿ. ದೂರವಾಣಿಯಲ್ಲಿ ಆಹ್ವಾನ ಬಂದಾಗ ನಾನು ಹಿಂಜರಿದೆ. "ನಾನು ಬಂದರೆ ನಿಮ್ಮವರು ಬೈಯುವುದಿಲ್ಲವೇ?" ಎಂದು ಕೇಳಿದೆ. "ಬೈದರೂ ಬೈಯಲಿ, ಬನ್ನಿ" ಎಂದರು. ಆದ್ದರಿಂದ ಬೈಗುಳಕ್ಕೆ ಸಿದ್ಧನಾಗಿಯೇ ಬಂದಿದ್ದೇನೆ.

ನಾನು ಹುಟ್ಟಿದ್ದು ಘಟ್ಟದ ಮೇಲಿನ ಒಂದು ಸಣ್ಣ ಅಡಿಕೆ ತೋಟದ ಮನೆಯಲ್ಲಿ. ಮಳೆಗಾಲ ಹಿಡಿಯಿತೆಂದರೆ ಕೊಳೆರೋಗದ ಭಯ. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆ ಬೇರೆಯಾಗಿ ಕರಗಿಸಿ, ಕೂಡಿಸಿ, ಬೋರ್ಡೋ ದ್ರಾವಣ ಮಾಡುವುದನ್ನು ನೀವೆಲ್ಲ ಬಲ್ಲಿರಿ. 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ. ದ್ರಾವಣ ಸಿದ್ಧವಾದ ಮೇಲೆ ನನ್ನ ತಂದೆಯವರು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಅಂಥ ದ್ರಾವಣ ಗೊನೆಯನ್ನು ಸುಡುತ್ತದೆ. ಕತ್ತಿ ಕೆಂಪಾಗುವುದು ನಿಲ್ಲುವವರೆಗೂ ಅವರು ಒಂದು ಹನಿಯನ್ನೂ ಮರಕ್ಕೆ ಏರಿಸಗೊಡುತ್ತಿರಲಿಲ್ಲ. ಆ ಕತ್ತಿಯ ನೆನಪು ನನ್ನ ಈ ಮಾತಿಗೆಲ್ಲ ಆಧಾರ. ಕೊನೆಗೆ ಮತ್ತೆ ಅಲ್ಲಿಗೇ ಬರುತ್ತೇನೆ.

ಹೆಸರಿಲ್ಲದ ಬಾಟಲಿ

ರಸಾಯನಶಾಸ್ತ್ರದೊಂದಿಗೆ ಬಿ.ಎಸ್‌ಸಿ. ಮುಗಿಸಿ 1998ರಲ್ಲಿ ನಾನು ಬೆಂಗಳೂರಿಗೆ ಹೋದೆ. ಸಿಕ್ಕ ಕೆಲಸ 'ಪೆಸ್ಟ್ ಕಂಟ್ರೋಲ್'. ಬೆನ್ನಿಗೊಂದು ಟ್ಯಾಂಕು, ಕೈಯಲ್ಲಿ ಕೊಳವೆ. ದಿನಕ್ಕೆ ಆರೇಳು ಮನೆ, ರಾತ್ರಿ ಒಂದೆರಡು ಹೋಟೆಲು. ಮಾಲೀಕರಿಗೆ ಪರವಾನಗಿ ಇರಲಿಲ್ಲ. ಪರವಾನಗಿ ಎಂಬುದೊಂದು ಇದೆಯೆಂಬುದೇ ನಮಗೂ ಗೊತ್ತಿರಲಿಲ್ಲ. ಬೆಳಗ್ಗೆ ಅವರು ಸಾದಾ ನೀರಿನ ಬಾಟಲಿಗಳಲ್ಲಿ ದ್ರವ ತುಂಬಿಸಿ ಕೊಡುತ್ತಿದ್ದರು. ಮೂಲ ಡಬ್ಬಿಯ ಚೀಟಿಯನ್ನು ನಮಗೆ ತೋರಿಸುತ್ತಿರಲಿಲ್ಲ. ಹೆಸರು ತಿಳಿದರೆ ಹುಡುಗರು ತಾವೇ ಕೊಂಡು ಬೇರೆ ವ್ಯಾಪಾರ ಶುರುಮಾಡುತ್ತಾರೆ ಎಂಬ ಭಯ ಅವರಿಗೆ.

1999ರ ಒಂದು ಮಧ್ಯಾಹ್ನ ನನ್ನ ಜೊತೆಗಾರನ ಟ್ಯಾಂಕು ಸೋರಿತು. ಅವನೂ ನಮ್ಮ ಘಟ್ಟದವನೇ. ಬೆನ್ನೆಲ್ಲ ಒದ್ದೆಯಾದರೂ ಕೆಲಸ ಮುಗಿಸಿಯೇ ಹೋಗೋಣವೆಂದ. ಅರ್ಧ ಗಂಟೆಯಲ್ಲಿ ಬೆವರು ಕಿತ್ತುಬಂತು, ಬಾಯಲ್ಲಿ ಜೊಲ್ಲು ಸುರಿಯತೊಡಗಿತು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಯಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧಿ?" ನಾನು ವಿಜ್ಞಾನದ ಪದವೀಧರ. ಕೈಯಲ್ಲಿ ಬಾಟಲಿ ಹಿಡಿದು ನಿಂತಿದ್ದೇನೆ, ಅದರ ಹೆಸರು ನನಗೆ ಗೊತ್ತಿಲ್ಲ. ವೈದ್ಯರು ಲಕ್ಷಣಗಳನ್ನು ನೋಡಿಯೇ ಇದು ಸಾವಯವ ರಂಜಕದ ಜಾತಿಯ ವಿಷವೆಂದು ಗುರುತಿಸಿ ಆಟ್ರೊಪಿನ್ ಕೊಟ್ಟರು. ಅವನು ಬದುಕಿದ. ಊರಿಗೆ ಹೋದವನು ಮತ್ತೆ ಆ ಕೆಲಸಕ್ಕೆ ಬರಲಿಲ್ಲ. ಆ ದ್ರವ ಡೈಕ್ಲೋರೋವಾಸ್ ಎಂದು ನಮಗೆ ತಿಳಿದದ್ದು ಆಮೇಲೆ. ಬಹಳ ವರ್ಷ ನಗರದ ಅಡುಗೆಮನೆಗಳಲ್ಲಿ ಹೊಡೆದ ಆ ವಿಷವನ್ನು ನಮ್ಮ ದೇಶ 2020ರ ಡಿಸೆಂಬರ್ 31ರಿಂದ ಪೂರ್ತಿಯಾಗಿ ನಿಷೇಧಿಸಿತು. ನಮ್ಮ ಊರುಗಳಲ್ಲಿ ಥಿಮೆಟ್ ಎಂದು ಕರೆದು ಬರಿಗೈಯಲ್ಲಿ ಎರಚುತ್ತಿದ್ದ ಫೋರೇಟ್ ಹರಳೂ ಅದೇ ಆದೇಶದಲ್ಲಿ, ಅದೇ ದಿನದಿಂದ ನಿಷೇಧವಾಯಿತು.

ಪರವಾನಗಿ ಯಾಕೆ ಹುಟ್ಟಿತು?

ಆ ಘಟನೆಯ ನಂತರ ನಾನು ಕಾನೂನಿನ ಪುಸ್ತಕ ಹುಡುಕಿದೆ. ನಮ್ಮಲ್ಲಿ 1968ರ ಕೀಟನಾಶಕ ಕಾಯ್ದೆ ಇದೆ, ಅದರಡಿ 1971ರ ನಿಯಮಗಳಿವೆ. ಅದರ ಹಿಂದೆ ಒಂದು ದುರಂತವಿದೆ. 1958ರಲ್ಲಿ ಹಡಗೊಂದರಲ್ಲಿ ಆಹಾರ ಸಾಮಗ್ರಿಯ ಜೊತೆಯಲ್ಲೇ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ಸಾಗಿಸಲಾಯಿತು. ಡಬ್ಬಿಗಳು ಸೋರಿ ವಿಷ ಆಹಾರದಲ್ಲಿ ಇಂಗಿತು. ಕೇರಳ ಮತ್ತು ಆಗಿನ ಮದ್ರಾಸ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನ್ಯಾಯಮೂರ್ತಿ ಜೆ.ಸಿ. ಷಾ ಅವರ ವಿಚಾರಣಾ ಆಯೋಗ ನೇಮಕವಾಯಿತು. ಅಲ್ಲಿಂದ ಹತ್ತು ವರ್ಷಕ್ಕೆ ಈ ಕಾಯ್ದೆ ಬಂತು. ಪರವಾನಗಿಯ ಕಾಗದದ ಹಿಂದೆ ಅಷ್ಟು ಜನರ ಪ್ರಾಣವಿದೆ ಎಂಬುದನ್ನು ನಮ್ಮ ಉದ್ಯೋಗದವರೇ ಮರೆತಿದ್ದಾರೆ.

ನಗರದಲ್ಲಿ ಹಣ ಪಡೆದು ಕೀಟ ನಿಯಂತ್ರಣ ಮಾಡುವವರು ಕೃಷಿ ಇಲಾಖೆಯ ಪರವಾನಗಿ ಅಧಿಕಾರಿಯಿಂದ ಪರವಾನಗಿ ಪಡೆಯಬೇಕು. ಕೃಷಿ ಪದವಿ ಅಥವಾ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಬೇಕು. ಅದರ ಮೇಲೆ ಸರಕಾರ ಸೂಚಿಸಿದ ಸಂಸ್ಥೆಯಲ್ಲಿ ಕನಿಷ್ಠ 15 ದಿನಗಳ ತರಬೇತಿಯಾಗಬೇಕು. ನಾನು ಮೈಸೂರಿನಲ್ಲಿ, ಎಲ್ಲರೂ ಸಿ.ಎಫ್.ಟಿ.ಆರ್.ಐ. ಎಂದು ಕರೆಯುವ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದೆ. ಉಗ್ರಾಣಗಳಿಗೆ ವಿಷದ ಹೊಗೆ ಹಾಕಬೇಕಾದರೆ ಭಾರತ ಸರಕಾರದ ಸಸ್ಯ ಸಂರಕ್ಷಣಾ ಸಲಹೆಗಾರರ ಅನುಮೋದನೆ ಬೇರೆ ಬೇಕು. ಕೆಲಸಗಾರರಿಗೆ ಕೈಗವಸು, ಮುಖವಾಡ, ಉಡುಪು ಕೊಡಬೇಕು. ವರ್ಷಕ್ಕೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಪ್ರತಿವಿಷ ಸಿದ್ಧವಿರಬೇಕು. ಖಾಲಿ ಡಬ್ಬಿಗಳನ್ನು ಮತ್ತೆ ಬಳಸಲಾಗದಂತೆ ಒಡೆದು ವಿಲೇವಾರಿ ಮಾಡಬೇಕು.

ಪರವಾನಗಿ ಎಂದರೆ ಸಿಂಪಡಿಸಲು ಸಿಕ್ಕ ಅಪ್ಪಣೆ ಎಂದು ಜನ ತಿಳಿದಿದ್ದಾರೆ. ನಿಯಮಗಳನ್ನು ಓದಿದ ಮೇಲೆ ನನಗೆ ಅನಿಸಿದ್ದು, ಅದು ಸಿಂಪಡಿಸುವ ಕೈಗೆ ಹಾಕಿದ ಕಡಿವಾಣ.

ವಾಸನೆ ಬರಲಿಲ್ಲವಲ್ಲ!

ಈ ಕಡಿವಾಣ ಹಿಡಿದು ವ್ಯಾಪಾರ ಮಾಡುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕು. ಜಿರಲೆಯ ವಿಚಾರವನ್ನೇ ತೆಗೆದುಕೊಳ್ಳಿ. ನಗರದ ಹೋಟೆಲುಗಳಲ್ಲಿ ಕಾಡುವುದು ಜರ್ಮನ್ ಜಿರಲೆ ಎಂಬ ಸಣ್ಣ ಕಂದು ಜಾತಿ. ಇದರ ಹೆಣ್ಣು 30-40 ಮೊಟ್ಟೆಗಳ ಗಟ್ಟಿ ಚೀಲವನ್ನು ಮರಿ ಹೊರಬರುವವರೆಗೂ ಮೈಗೆ ಅಂಟಿಸಿಕೊಂಡೇ ಓಡಾಡುತ್ತದೆ. ಮೇಲಿನಿಂದ ಸುರಿದ ವಿಷ ಆ ಚೀಲದೊಳಗೆ ಸರಿಯಾಗಿ ಇಳಿಯುವುದಿಲ್ಲ. ಬದುಕುಳಿದ ಜಿರಲೆಗಳ ಸಂತತಿ ಆ ವಿಷಕ್ಕೆ ಒಗ್ಗಿಕೊಳ್ಳುತ್ತದೆ. ಮತ್ತೆ ಬೇರೆ ವಿಷ, ಮತ್ತೆ ಹೆಚ್ಚು ವಿಷ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಸಂದುಗಳಲ್ಲಿ ಸಾಸಿವೆಯಷ್ಟು ಗಾತ್ರದ ವಿಷದಂಟು ಇಟ್ಟರೆ ಸಾಕು. ಅದರಲ್ಲಿ ನೂರಕ್ಕೆ 0.05 ಪಾಲು ಮಾತ್ರ ಫಿಪ್ರೊನಿಲ್ ಇರುತ್ತದೆ. ತಿಂದ ಜಿರಲೆ ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ ಮತ್ತು ಹೆಣವನ್ನು ತಿಂದು ಉಳಿದವೂ ಸಾಯುತ್ತವೆ. ಗಾಳಿಗೆ ವಿಷ ಬೆರೆಯುವುದಿಲ್ಲ, ಪಾತ್ರೆಗಳ ಮೇಲೆ ಬೀಳುವುದಿಲ್ಲ. ಆದರೆ ಗಿರಾಕಿ ಏನೆನ್ನುತ್ತಾರೆ ಗೊತ್ತೇ? "ವಾಸನೆಯೇ ಬರಲಿಲ್ಲವಲ್ಲ, ಔಷಧಿ ಹಾಕಿದ್ದೀರೋ ಇಲ್ಲವೋ?" ಮೂಗಿಗೆ ಘಾಟು ಬಡಿದರೆ ಮಾತ್ರ ಕೊಟ್ಟ ಹಣ ಸಾರ್ಥಕ. ಮೊದಲೆರಡು ವರ್ಷಗಳಲ್ಲಿ ನಾನು ಅರ್ಧದಷ್ಟು ಗಿರಾಕಿಗಳನ್ನು ಕಳೆದುಕೊಂಡದ್ದು ಈ ಕಾರಣಕ್ಕೆ.

ಇಲಿಯ ವಿಷಯವೂ ಹೀಗೆಯೇ. ಸಾಮಾನ್ಯ ಚಿಟ್ಟಿಲಿಗೆ ಪೆನ್ಸಿಲು ತೂರುವಷ್ಟು ಕಿಂಡಿ ಸಾಕು. ಆ ಕಿಂಡಿಯನ್ನು ತಂತಿಬಲೆ ಮತ್ತು ಸಿಮೆಂಟಿನಿಂದ ಮುಚ್ಚದೆ ವರ್ಷವಿಡೀ ವಿಷದ ಬಿಲ್ಲೆ ಇಡುತ್ತಾ ಹೋದರೆ ವ್ಯಾಪಾರಿಗೆ ಲಾಭ. ಬ್ರೊಮಾಡಿಯೊಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ತೂಕಡಿಸುತ್ತಾ ಬಯಲಲ್ಲಿ ಓಡಾಡುತ್ತದೆ. ಅಂಥ ಇಲಿಯನ್ನು ಹಿಡಿದು ತಿಂದ ಗೂಬೆಯ ದೇಹಕ್ಕೂ ಆ ವಿಷ ಸೇರುತ್ತದೆ. ಒಂದು ಇಲಿಯನ್ನು ಕೊಲ್ಲಲು ಹೊರಟು, ರಾತ್ರಿಯಿಡೀ ಸಂಬಳವಿಲ್ಲದೆ ಇಲಿ ಹಿಡಿಯುವ ಹಕ್ಕಿಯನ್ನೇ ಕೊಂದಂತಾಯಿತು.

ಆದ್ದರಿಂದ ನಮ್ಮ ಹುಡುಗರಿಗೆ ಮೊದಲು ಕಲಿಸುವುದು ಬ್ಯಾಟರಿ ದೀಪ ಹಿಡಿದು ನೋಡುವುದನ್ನು. ನೀರು ಎಲ್ಲಿ ಸೋರುತ್ತಿದೆ, ಎಂಜಲು ಎಲ್ಲಿ ಉಳಿಯುತ್ತಿದೆ, ಕಿಂಡಿ ಎಲ್ಲಿದೆ. ಇದನ್ನು ಬರೆದುಕೊಟ್ಟು, ಸರಿಪಡಿಸಿದ ಮೇಲೆಯೇ ಮುಂದಿನ ಕೆಲಸ. ನಮ್ಮ ಕಚೇರಿಯಲ್ಲಿ 'ಔಷಧಿ' ಎಂಬ ಮಾತನ್ನು ಬಳಸಬಾರದೆಂಬ ಕಟ್ಟುಪಾಡಿದೆ. ಡಬ್ಬಿಯಲ್ಲಿರುವುದು ವಿಷ, ಅದನ್ನು ವಿಷವೆಂದೇ ಕರೆಯಬೇಕು. ಔಷಧಿ ಎಂದು ಕರೆದಾಗ ಕೈ ಸಡಿಲವಾಗುತ್ತದೆ, ಒಂದಿಷ್ಟು ಹೆಚ್ಚಾದರೆ ಒಳ್ಳೆಯದೇ ಎನಿಸುತ್ತದೆ.

ನಾನು ಬಿಟ್ಟ ಒಂದು ಕೆಲಸ

ದೊಡ್ಡ ವಸತಿ ಸಮುಚ್ಚಯವೊಂದರ ಒಂಬತ್ತನೆಯ ಅಂತಸ್ತಿನ ಬಿಸಿಲುಮಚ್ಚಿಗೆ ಹೆಜ್ಜೇನು ಕಟ್ಟಿತ್ತು. ವರ್ಷದ ಗುತ್ತಿಗೆ ನಮ್ಮದೇ. ಸಂಘದವರು ಕರೆದು, "ಇವತ್ತೇ ಹೊಡೆದುಬಿಡಿ" ಎಂದರು. ಹೆಜ್ಜೇನು ಋತುವಿಗೆ ತಕ್ಕಂತೆ ವಲಸೆ ಹೋಗುವ ಹುಳು, ಹೂವು ಮುಗಿದ ಮೇಲೆ ತಾನಾಗಿ ಏಳುತ್ತದೆ, ಅಲ್ಲಿಯತನಕ ಆ ಬಾಗಿಲು ಮುಚ್ಚಿಡಿ, ರಾತ್ರಿ ದೀಪ ಹಾಕಬೇಡಿ, ಅವಸರವಾದರೆ ಕೊಲ್ಲದೆ ಎಬ್ಬಿಸಬಲ್ಲ ಜೇನುಗಾರರನ್ನು ಕರೆಸುತ್ತೇನೆ ಎಂದೆ. ಕೆಳಗೆ ಮಕ್ಕಳು ಆಡುತ್ತಾರೆ ಎಂಬ ಅವರ ಭಯ ಸುಳ್ಳಲ್ಲ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಾಯಲು ಅವರು ಒಪ್ಪಲಿಲ್ಲ. ಮರುದಿನ ಬೆಳಗ್ಗೆ ಹೋದಾಗ ನೆಲದ ಮೇಲೆ ಸತ್ತ ಹುಳುಗಳನ್ನು ಪೊರಕೆಯಿಂದ ಗುಡ್ಡೆ ಹಾಕುತ್ತಿದ್ದರು. ರಾತ್ರಿ ಬೇರೆ ಯಾರೋ ಬಂದು ಹೊಡೆದಿದ್ದರು. ಆ ಗುತ್ತಿಗೆ ನನ್ನ ಕೈಬಿಟ್ಟಿತು. ಆ ತಿಂಗಳು ಇಬ್ಬರು ಹುಡುಗರ ಸಂಬಳಕ್ಕೆ ಸಾಲ ಮಾಡಿದೆ.

ಇದನ್ನು ದೊಡ್ಡಸ್ತಿಕೆಗಾಗಿ ಹೇಳುತ್ತಿಲ್ಲ. ಬೇಡ ಎನ್ನುವುದಕ್ಕೆ ಬೆಲೆ ಇದೆ, ಅದನ್ನು ಯಾರಾದರೂ ತೆರಲೇಬೇಕು ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳಿದೆ.

ಗೆದ್ದಲಿನ ಲೆಕ್ಕ

ವಿದ್ಯಾರ್ಥಿಗಳು ಗೆದ್ದಲಿನ ಬಗ್ಗೆ ಕೇಳಿದ್ದಾರೆ. ಇಲ್ಲಿ ಕಾಡಿನ ತರಗೆಲೆಯನ್ನೂ ಬಿದ್ದ ಮರವನ್ನೂ ಮಣ್ಣಾಗಿಸುವ ಜೀವಿ, ನಗರದಲ್ಲಿ ಶತ್ರು. ಹೊಸ ಕಟ್ಟಡದ ತಳಕ್ಕೆ ಗೆದ್ದಲು ನಿರೋಧಕ ಹಾಕುವ ವಿಧಾನವನ್ನು ಭಾರತೀಯ ಮಾನಕವೊಂದು ಗೊತ್ತುಮಾಡಿದೆ. ನೆಲದ ಪ್ರತಿ ಚದರ ಮೀಟರಿಗೆ 5 ಲೀಟರ್ ದ್ರಾವಣ. ತಳಪಾಯದ ಗೋಡೆಯ ಬದಿಗೆ ಪ್ರತಿ ಚದರ ಮೀಟರಿಗೆ 7.5 ಲೀಟರ್. ಸಾವಿರ ಚದರ ಅಡಿಯ ಮನೆ ಎಂದರೆ ಸುಮಾರು 93 ಚದರ ಮೀಟರ್. ನೆಲವೊಂದಕ್ಕೇ 465 ಲೀಟರ್ ದ್ರಾವಣ. ನೂರಕ್ಕೆ 20 ಪಾಲಿನ ಕ್ಲೋರ್‌ಪೈರಿಫಾಸ್ ತಂದು, ನೂರಕ್ಕೆ 1 ಪಾಲಿಗೆ ಇಳಿಸಿ ಹಾಕಿದರೆ 23 ಲೀಟರಿಗೂ ಮೀರಿದ ಮೂಲ ವಿಷ ಒಂದೇ ಮನೆಯ ಅಡಿಗೆ ಹೋಯಿತು. ನಗರದಲ್ಲಿ ದಿನವೂ ಎಷ್ಟು ತಳಪಾಯ ಏಳುತ್ತವೆ ಎಂಬುದನ್ನು ನೀವೇ ಊಹಿಸಿ.

ಇದಕ್ಕೆ ಮೊದಲು ಆಲ್ಡ್ರಿನ್ ಹಾಕುತ್ತಿದ್ದರು. 1996ರಲ್ಲಿ ಅದು ನಿಷೇಧವಾಯಿತು. ಸುರಕ್ಷಿತವೆಂದು ಬಂದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ನಿರ್ಮೂಲವಾಗಬೇಕಾದ ವಿಷಗಳ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಇಂದಿನ ಸುರಕ್ಷಿತ ವಸ್ತು ನಾಳೆಯ ನಿಷೇಧಿತ ವಸ್ತುವಾಗುವುದನ್ನು ನನ್ನ ಒಂದೇ ಉದ್ಯೋಗಜೀವನದಲ್ಲಿ ಕಂಡಿದ್ದೇನೆ. ನಾನೇ ಸುರಿದದ್ದನ್ನು ಮಣ್ಣಿನಿಂದ ಹಿಂದಕ್ಕೆ ತೆಗೆಯಲಾರೆ. ನಮ್ಮ ಅಜ್ಜಂದಿರು ಎತ್ತರದ ಕಲ್ಲಿನ ಪಂಚಾಂಗ ಕಟ್ಟಿ, ಮರ ಮಣ್ಣನ್ನು ಮುಟ್ಟದಂತೆ ಕಂಬದ ಕೆಳಗೆ ಕಲ್ಲು ಕೊಟ್ಟು ಮನೆ ಎಬ್ಬಿಸಿದರು. ಈಗ ನಾನು ಕಟ್ಟಡ ಕಟ್ಟುವವರಿಗೆ ಮೊದಲು ಹೇಳುವುದು ಅದನ್ನೇ.

ತೋಟಕ್ಕೆ ಯಾವ ಪರವಾನಗಿ?

ಇಷ್ಟು ಹೊತ್ತು ನಗರದ ಮಾತಾಯಿತು. ಈಗ ನಾನು ಇಲ್ಲಿಗೆ ಬಂದ ಕಾರಣವನ್ನು ಹೇಳುತ್ತೇನೆ.

ನಾನು ಮನೆಯೊಂದರ ಅಡಿಗೆ ಹಾಕುವ ಅದೇ ಕ್ಲೋರ್‌ಪೈರಿಫಾಸನ್ನು ಇಲ್ಲಿ ಅಡಿಕೆಯ ಬೇರುಹುಳುವಿಗೆ ಬುಡಕ್ಕೆ ಹೊಯ್ಯುತ್ತಾರೆ. ಅದೇ ವಿಷ, ಡಬ್ಬಿಯ ಮೇಲೆ ಅದೇ ಹಳದಿ ತ್ರಿಕೋನ. ಅದನ್ನು ಬೆಂಗಳೂರಿನಲ್ಲಿ ಹಣಕ್ಕಾಗಿ ಮುಟ್ಟಬೇಕಾದರೆ ನನಗೆ ಪದವಿ ಬೇಕು, ತರಬೇತಿ ಬೇಕು, ಪರವಾನಗಿ ಬೇಕು, ವರ್ಷಕ್ಕೊಮ್ಮೆ ತಪಾಸಣೆ ಬೇಕು. ತೋಟದಲ್ಲಿ? 1968ರ ಕಾಯ್ದೆಯ 38ನೆಯ ಕಲಮು ಸ್ವಂತ ಮನೆಯ ಬಳಕೆಗೂ ತಾನು ಸಾಗುವಳಿ ಮಾಡುವ ಭೂಮಿಯ ಬಳಕೆಗೂ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ರೈತನಿಗೆ ಕಿರುಕುಳವಾಗದಿರಲಿ ಎಂಬುದು ಅದರ ಸದುದ್ದೇಶ. ಆದರೆ ಫಲವೇನು? ಗುತ್ತಿಗೆ ಗದ್ದೆಯಲ್ಲಿ ಶುಂಠಿಗೆ ಬರಿಗಾಲಲ್ಲಿ ನಿಂತು ಸಿಂಪಡಿಸುವ ಕೂಲಿಯವನಿಗೆ ಕೈಗವಸಿಲ್ಲ, ತಪಾಸಣೆಯಿಲ್ಲ. ಅವನು ಹೊತ್ತಿರುವುದರ ಹೆಸರೂ ಅವನಿಗೆ ಗೊತ್ತಿಲ್ಲ. 1999ರಲ್ಲಿ ಆಸ್ಪತ್ರೆಯಲ್ಲಿ ಬಾಟಲಿ ಹಿಡಿದು ನಿಂತಿದ್ದ ನನ್ನ ಸ್ಥಿತಿ ಅವನದು.

ದೂರದ ಉದಾಹರಣೆ ಬೇಕಿಲ್ಲ. ಕಾಸರಗೋಡಿನ ಗೇರುತೋಪುಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಘಟ್ಟದ ಕೆಳಗೆ ನಮ್ಮದೇ ಕೊಕ್ಕಡದ ಸುತ್ತಮುತ್ತಲೂ ಅದರ ನೋವನ್ನು ಉಂಡ ಮನೆಗಳಿವೆ. ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು 2011ರ ಮೇ 13ರಂದು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೊಫಾಸ್ ಇದ್ದುದನ್ನು ಪ್ರಯೋಗಾಲಯ ಕಂಡುಹಿಡಿಯಿತು. ಈ ಎರಡೂ ಕಡೆ ವಿಷವನ್ನು ವಿಷವೆಂದು ಕಾಣುವ ಎಚ್ಚರ ತಪ್ಪಿತ್ತು.

ನೀವು ಮಾಡಬಹುದಾದದ್ದು

ಮೊದಲನೆಯದಾಗಿ, ಅಂಗಡಿಯಿಂದ ಡಬ್ಬಿ ತಂದಾಗ ಅದರ ತ್ರಿಕೋನ ನೋಡಿ. ಕೆಂಪು ಅತ್ಯಂತ ಘೋರ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ನಿರಪಾಯಕಾರಿ ಎಂದಲ್ಲ, ಕಡಿಮೆ ವಿಷ ಎಂದಷ್ಟೇ. ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದಲ್ಲಿರುವ ಡಬ್ಬಿಗಳ ಹೆಸರು, ಬಣ್ಣ, ತಯಾರಾದ ವರ್ಷವನ್ನು ಬರೆದುಕೊಂಡು ಬಂದರೆ ಒಂದು ಭಾನುವಾರದಲ್ಲಿ ಊರಿನ ವಿಷದ ಪಟ್ಟಿ ಸಿದ್ಧವಾಗುತ್ತದೆ. ನಿಷೇಧವಾದದ್ದು ಇದ್ದರೆ ಹಳ್ಳಕ್ಕೆ ಸುರಿಯಬೇಡಿ. ಮುಚ್ಚಳ ಬಿಗಿದು ಬೇರೆಯಿಟ್ಟು ಕೃಷಿ ಇಲಾಖೆಗೆ ತಿಳಿಸಿ.

ಎರಡನೆಯದಾಗಿ, ಖಾಲಿ ಡಬ್ಬಿಯಲ್ಲಿ ಸೀಮೆಎಣ್ಣೆಯನ್ನಾಗಲಿ ನೀರನ್ನಾಗಲಿ ತುಂಬಬೇಡಿ. ಮೂಲ ಡಬ್ಬಿಯಿಂದ ಬೇರೆ ಬಾಟಲಿಗೆ ವಿಷ ಹೊಯ್ಯಲೂ ಬೇಡಿ. ಯಾರಿಗಾದರೂ ತೊಂದರೆಯಾದರೆ ಡಬ್ಬಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಮೂರನೆಯದಾಗಿ, ಅಕ್ಕಿ-ಕಾಳು ಕೆಡದಿರಲೆಂದು ಅಂಗಡಿಯವರು ಗುಟ್ಟಾಗಿ ಕೊಡುವ ಗುಳಿಗೆಯನ್ನು ಮನೆಗೆ ತರಲೇಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. 3 ಗ್ರಾಂ ತೂಕದ ಒಂದು ಗುಳಿಗೆ ಗಾಳಿಯ ತೇವಕ್ಕೇ ಕರಗಿ 1 ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. ಮಲೆನಾಡಿನ ತೇವದಲ್ಲಿ ಕೇಳಬೇಕೇ? ಅದಕ್ಕೆ ಪ್ರತಿವಿಷವಿಲ್ಲ. ಮಲಗುವ ಕೋಣೆಯ ಪಕ್ಕದ ಕಣಜದಲ್ಲಿ ಅದನ್ನಿಡುವುದು ಮನೆಮಂದಿಯ ಪ್ರಾಣವನ್ನೇ ಪಣಕ್ಕಿಟ್ಟಂತೆ.

ನಾಲ್ಕನೆಯ ಮಾತು, ಪಟ್ಟಣಕ್ಕೆ ಹೊರಟಿರುವ ತರುಣರಿಗೆ. ನನ್ನ ಬಳಿ ದುಡಿಯುವ ಒಂಬತ್ತು ಮಂದಿಯಲ್ಲಿ ಐವರು ನಮ್ಮ ಘಟ್ಟದವರು. ಈ ಕೆಲಸ ಹೀನವಲ್ಲ. ಆಸ್ಪತ್ರೆ, ಉಗ್ರಾಣ, ಅಡುಗೆಮನೆಗಳು ಶುಚಿಯಾಗಿರಲು ಇದು ಬೇಕು. ಆದರೆ ಕೆಲಸಕ್ಕೆ ಸೇರುವ ದಿನ ಮೂರು ಪ್ರಶ್ನೆ ಕೇಳಿ: ಪರವಾನಗಿ ಎಲ್ಲಿದೆ? ಇವತ್ತು ನಾನು ಹೊರುವ ವಿಷದ ಹೆಸರೇನು? ಕೈಗವಸು ಎಲ್ಲಿ? ಉತ್ತರ ಸಿಗದಿದ್ದರೆ ಆ ಟ್ಯಾಂಕನ್ನು ಬೆನ್ನಿಗೇರಿಸಬೇಡಿ. ನಗರದಲ್ಲಿ ಬೇರೆ ಕೆಲಸ ಸಿಗುತ್ತದೆ.

ಕೊನೆಗೆ ತಂದೆಯವರ ಕತ್ತಿಯ ಮಾತು. ಅವರು ನಾಲ್ಕನೆಯ ತರಗತಿ ಓದಿದವರು, ಯಾವ ಪರವಾನಗಿಯೂ ಇರಲಿಲ್ಲ. ಆದರೆ ತಾವು ಮರಕ್ಕೆ ಹಾಕುತ್ತಿರುವುದು ಏನು, ಎಷ್ಟು, ಹೆಚ್ಚಾದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಪ್ರತಿ ಸಲವೂ ಪರೀಕ್ಷಿಸಿ ನೋಡುತ್ತಿದ್ದರು. ಹೊಸ ವಿಷಗಳಿಗೆ ಅದ್ದಿ ನೋಡುವ ಕತ್ತಿಯಿಲ್ಲ. ಡಬ್ಬಿಯ ಚೀಟಿಯನ್ನು ಓದುವ ನಿಮ್ಮ ಕಣ್ಣೇ ಆ ಕತ್ತಿ. ಇಲ್ಲಿ ಕುಳಿತಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಆ ಚೀಟಿಯನ್ನು ಓದಲು ಬರುತ್ತದೆ. ಓದಲು ಬಾರದ ಕೂಲಿಯವರಿಗೆ ಅದನ್ನು ಓದಿ ಹೇಳಿ. ಈ ಮಳೆಗಾಲದಲ್ಲಿ ನಿಮ್ಮಿಂದ ನಾನು ಬೇಡುವುದು ಇಷ್ಟೇ.